ಕ್ರ್ಯಾಂಕ್ ಪುಲ್ಲಿಯ ಭಾರ ಸುಮ್ನೆ ಇಟ್ಟದ್ದಲ್ಲ

ಪ್ರಶ್ನೆ: ಮಾಷ್ಟ್ರೇ, ನನ್ನದು 2014ರ 1.2 ಲೀಟರ್ ಪೆಟ್ರೋಲ್ ಗಾಡಿ. ನಾಲ್ಕು ಸಿಲಿಂಡರ್. 1 ಲಕ್ಷದ 30 ಸಾವಿರ ಕಿ.ಮೀ. ಓಡಿದೆ. ಸೀತಾಂಗೋಳಿಯಿಂದ ಮಂಗಳೂರಿಗೆ ದಿನಾ ಕೆಲಸಕ್ಕೆ ಹೋಗುತ್ತೇನೆ. ಹೋಗಿ ಬರಲು ಸುಮಾರು 100 ಕಿ.ಮೀ. ಈಗ ಏಸಿ ಹಾಕಿದರೆ ಚಡಾವಿನಲ್ಲಿ ಗಾಡಿ ಎಳೆಯುವುದಿಲ್ಲ. ಸ್ನೇಹಿತರೊಬ್ಬರು ಹಗುರ ಪುಲ್ಲಿ ಸೆಟ್ ಹಾಕಿಸಿದ್ದಾರೆ. ಕ್ರ್ಯಾಂಕ್, ಆಲ್ಟರ್ನೇಟರ್, ವಾಟರ್ ಪಂಪ್, ಮೂರಕ್ಕೂ ಅಲ್ಯೂಮಿನಿಯಂ ಪುಲ್ಲಿ. ಕ್ರ್ಯಾಂಕಿನದ್ದು ಕಂಪನಿ ಪುಲ್ಲಿಗಿಂತ ಸ್ವಲ್ಪ ಸಣ್ಣದು. 5 ಎಚ್‌ಪಿ ಜಾಸ್ತಿ ಆಗುತ್ತದೆ, ಮೈಲೇಜೂ ಏರುತ್ತದೆ ಅಂತ ಮಾರುವವರು ಹೇಳುತ್ತಾರೆ. ಹಾಕಿಸಬಹುದಾ?

ಉತ್ತರ: ನಮಸ್ಕಾರ. ಮೊದಲು ಉತ್ತರ, ಆಮೇಲೆ ಕಾರಣ. ಹಾಕಿಸಬೇಡಿ. ಬ್ಯಾಟರಿಗೆ ಕರೆಂಟ್ ಕೊಡುವ ಆಲ್ಟರ್ನೇಟರಿನ, ವಾಟರ್ ಪಂಪಿನ ಪುಲ್ಲಿಯನ್ನು ಅದೇ ಅಳತೆಯ ಹಗುರ ಪುಲ್ಲಿಗೆ ಬದಲಿಸಿದರೆ ದೊಡ್ಡ ಲಾಭವೂ ಇಲ್ಲ, ದೊಡ್ಡ ಅಪಾಯವೂ ಇಲ್ಲ. ಆದರೆ ಕ್ರ್ಯಾಂಕ್ ಪುಲ್ಲಿಯ ವಿಷಯ ಬೇರೆ. ನಿಮ್ಮ ಗಾಡಿಯ ಪುಲ್ಲಿಯಲ್ಲಿ ರಬ್ಬರ್ ಉಂಗುರ ಉಂಟು ಅಂತಾದರೆ, ಅದನ್ನು ತೆಗೆದು ಗಟ್ಟಿ ಅಲ್ಯೂಮಿನಿಯಂ ಹಾಕುವುದು ಎಂಜಿನ್ನಿನ ಆಯುಷ್ಯವನ್ನು ಅಡವಿಟ್ಟ ಹಾಗೆ.

ಪುಲ್ಲಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಬಾವಿಯ ರಾಟೆ. ಹಗ್ಗ ಓಡಲು ಒಂದು ಚಕ್ರ, ಅಷ್ಟೇ. ರಾಟೆ ಹಗುರ ಆದಷ್ಟು ಒಳ್ಳೆಯದು. ಆಲ್ಟರ್ನೇಟರಿನ ಪುಲ್ಲಿಯೂ ಹೆಚ್ಚುಕಡಿಮೆ ರಾಟೆಯೇ. ಆದರೆ ಕ್ರ್ಯಾಂಕ್ ಪುಲ್ಲಿಗೆ ಎರಡು ಕೆಲಸ. ಬೆಲ್ಟ್ ತಿರುಗಿಸುವುದು ಒಂದು. ಎರಡನೆಯದು ಹೊರಗಿನಿಂದ ಕಾಣುವುದಿಲ್ಲ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಪ್ರಶ್ನೆಯ ಗಂಟು ಇರುವುದು ಅಲ್ಲೇ.

ಕ್ರ್ಯಾಂಕ್ ಶಾಫ್ಟ್ ಅಂದರೆ ಪಿಸ್ಟನ್ನುಗಳು ತಿರುಗಿಸುವ, ಎಂಜಿನ್ನಿನ ಮುಖ್ಯ ದಂಡ. ಅದರ ಮುಂದಿನ ತುದಿಯಲ್ಲೇ ಈ ಪುಲ್ಲಿ ಕೂರುವುದು. ಅದು ಉಕ್ಕಿನದ್ದೋ ಎರಕದ ಕಬ್ಬಿಣದ್ದೋ ಆಗಿರುತ್ತದೆ. ಕೈಯಲ್ಲಿ ಹಿಡಿದರೆ ಬಂಡೆಯ ಹಾಗೆ. ಇದು ತಿರುಚುತ್ತದೆ ಅಂದರೆ ನಂಬುವುದು ಕಷ್ಟ. ಆದರೆ ತಿರುಚುತ್ತದೆ. ಒದ್ದೆ ಬಟ್ಟೆಯನ್ನು ಎರಡು ಕೈಯಲ್ಲಿ ಹಿಂಡುತ್ತೇವಲ್ಲ, ಹಾಗೆ. ಬಟ್ಟೆಯಷ್ಟು ಅಲ್ಲ, ಒಂದು ಡಿಗ್ರಿಯ ಒಂದು ಪಾಲಿನಷ್ಟು. ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಪಿಸ್ಟನ್ ಶಾಫ್ಟಿಗೆ ಪೆಟ್ಟು ಕೊಡುತ್ತದೆ. ಹಿಂದಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರದ ಚಕ್ರ ಕೂತಿದೆ, ಅದು ಬೇಗ ಅಲುಗುವುದಿಲ್ಲ. ಮುಂದಿನ ತುದಿ ಹಗುರ. ಆದ್ದರಿಂದ ಮುಂದಿನ ತುದಿ ಒಮ್ಮೆ ಮುಂದಕ್ಕೆ ತಿರುಚಿ, ಸ್ಪ್ರಿಂಗಿನ ಹಾಗೆ ಹಿಂದಕ್ಕೆ ಬರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಎರಡು ಪೆಟ್ಟು. ನೀವು 3000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಓಡಿಸುತ್ತಿದ್ದರೆ ಸೆಕೆಂಡಿಗೆ 100 ಪೆಟ್ಟು. ಆ ಒಂದೊಂದು ಪೆಟ್ಟಿನ ಒಳಗೆ ಇನ್ನೂ ಬೇಗ ಬೇಗ ನಡುಗುವ ಸಣ್ಣ ಪೆಟ್ಟುಗಳೂ ಬೆರೆತಿರುತ್ತವೆ. 200, 300, 400, ಹೀಗೆ.

ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಆದರೆ ಪ್ರತಿಯೊಂದು ಶಾಫ್ಟಿಗೂ ಅದರದ್ದೇ ಒಂದು ತಾಳ ಇರುತ್ತದೆ. ಸಣ್ಣ ನಾಲ್ಕು ಸಿಲಿಂಡರ್ ಎಂಜಿನ್ನುಗಳಲ್ಲಿ ಅದು ಸೆಕೆಂಡಿಗೆ ಕೆಲವು ನೂರು ಸಲ. ಎಂಜಿನ್ನಿನ ಪೆಟ್ಟಿನ ತಾಳವೂ ಶಾಫ್ಟಿನ ತಾಳವೂ ಒಂದಾದರೆ ತಿರುಚಾಟ ಏರುತ್ತಾ ಹೋಗುತ್ತದೆ.

ನಮ್ಮ ಊರಿನವರಿಗೆ ಇದನ್ನು ಹೇಳಲು ಅಡಿಕೆ ಮರವೇ ಸಾಕು. ಕೊನೆ ತೆಗೆಯುವವರು ಒಂದು ಮರದಿಂದ ಇನ್ನೊಂದು ಮರಕ್ಕೆ ದಾಟುವುದನ್ನು ನೋಡಿದ್ದೀರಲ್ಲ? ಮೇಲೆ ಕೂತು ಮೈಯನ್ನು ಸ್ವಲ್ಪ ತೂಗುತ್ತಾರೆ. ಮರ ಸ್ವಲ್ಪ ಬಾಗುತ್ತದೆ. ಅದು ವಾಪಸು ಬರುವ ಹೊತ್ತಿಗೇ ಸರಿಯಾಗಿ ಮತ್ತೆ ತೂಗುತ್ತಾರೆ. ನಾಲ್ಕೈದು ಸಲಕ್ಕೆ ಆ ಉದ್ದದ ಮರ ಪಕ್ಕದ ಮರಕ್ಕೆ ಕೈಗೆಟುಕುವಷ್ಟು ಬಾಗಿರುತ್ತದೆ. ಮನುಷ್ಯನ ಬಲ ದೊಡ್ಡದಲ್ಲ. ಹೊತ್ತು ಸರಿಯಾಗಿ ಬಿತ್ತು, ಅಷ್ಟೇ. ಕ್ರ್ಯಾಂಕ್ ಶಾಫ್ಟಿನಲ್ಲಿ ಆಗುವುದೂ ಇದೇ. ವ್ಯತ್ಯಾಸ ಏನೆಂದರೆ ಅಡಿಕೆ ಮರ ಬಾಗಲೆಂದೇ ಬೆಳೆದದ್ದು. ಶಾಫ್ಟ್ ಹಾಗಲ್ಲ.

ಈ ತೂಗಾಟವನ್ನು ಹಿಡಿದು ನಿಲ್ಲಿಸುವುದೇ ಕ್ರ್ಯಾಂಕ್ ಪುಲ್ಲಿಯ ಎರಡನೇ ಕೆಲಸ. ಪುಲ್ಲಿಯನ್ನು ಎದುರಿನಿಂದ ನೋಡಿದರೆ ಒಳಗೆ ಒಂದು ಹಬ್, ಹೊರಗೆ ಭಾರದ ಕಬ್ಬಿಣದ ಬಳೆ, ನಡುವೆ ತೆಳು ರಬ್ಬರ್. ಒಳಗಿನ ಹಬ್ ಶಾಫ್ಟಿನ ಜೊತೆ ಮುಂದೆ ಹಿಂದೆ ತಿರುಚಾಡುವಾಗ, ಹೊರಗಿನ ಬಳೆ ತನ್ನ ಭಾರದ ಕಾರಣ ಒಂದೇ ವೇಗದಲ್ಲಿ ತಿರುಗಲು ನೋಡುತ್ತದೆ. ಎರಡರ ನಡುವೆ ರಬ್ಬರ್ ಉಜ್ಜಿಕೊಂಡು ಎಳೆದುಕೊಂಡು ಆ ಕಂಪನವನ್ನು ಬಿಸಿಯಾಗಿ ಮಾಡಿ ಬಿಡುತ್ತದೆ. ಇದಕ್ಕೆ ಟಾರ್ಷನಲ್ ಡ್ಯಾಂಪರ್ ಅನ್ನುತ್ತಾರೆ. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ರಬ್ಬರ್ ಪುಲ್ಲಿ, ಇಲ್ಲವೇ ಡ್ಯಾಂಪರ್ ಪುಲ್ಲಿ. ಆ ಬಳೆಯ ಭಾರ ಎಷ್ಟಿರಬೇಕು, ರಬ್ಬರ್ ಎಷ್ಟು ಗಟ್ಟಿ ಇರಬೇಕು ಎನ್ನುವುದನ್ನು ಆ ಒಂದು ಎಂಜಿನ್ನಿನ ಶಾಫ್ಟಿಗೇ ಲೆಕ್ಕ ಹಾಕಿ ಮಾಡಿರುತ್ತಾರೆ.

ಇದು ಹೊಸ ತಿಳಿವಳಿಕೆಯೂ ಅಲ್ಲ. ನೂರು ವರ್ಷಕ್ಕೂ ಹಿಂದೆ, ಆರು ಸಿಲಿಂಡರಿನ ಉದ್ದ ಶಾಫ್ಟಿನ ಕಾರುಗಳು ಬಂದಾಗ ಶಾಫ್ಟುಗಳು ಮುರಿಯತೊಡಗಿದವು. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಸುಮಾರು 1910ರ ಹೊತ್ತಿಗೆ ಶಾಫ್ಟಿನ ತುದಿಗೆ ಡ್ಯಾಂಪರ್ ಹಾಕುವ ದಾರಿ ತೋರಿಸಿದರು. ಶಾಫ್ಟ್ ಉದ್ದ ಆದಷ್ಟು ಅಪಾಯ ಜಾಸ್ತಿ. ನಿಮ್ಮದು ನಾಲ್ಕು ಸಿಲಿಂಡರಿನ ಗಿಡ್ಡ ಶಾಫ್ಟ್, ಆರರಷ್ಟು ಅಪಾಯ ಇಲ್ಲ. ಆದರೆ ಇಲ್ಲವೇ ಇಲ್ಲ ಅಂತಲೂ ಅಲ್ಲ.

ಮಾರುವವರು ಇಲ್ಲಿ ಒಂದು ಮಾತು ಹೇಳುತ್ತಾರೆ. ನಿಮಗೂ ಹೇಳಿರಬಹುದು. "ಈ ಎಂಜಿನ್ ಒಳಗಿನಿಂದಲೇ ಬ್ಯಾಲೆನ್ಸ್ ಆಗಿದೆ, ಪುಲ್ಲಿಯಲ್ಲಿ ಬ್ಯಾಲೆನ್ಸ್ ಇಲ್ಲ, ತೆಗೆದರೆ ಏನೂ ಆಗುವುದಿಲ್ಲ." ಮೊದಲ ಅರ್ಧ ನಿಜ. ಎರಡನೇ ಅರ್ಧ ತಪ್ಪು. ಬ್ಯಾಲೆನ್ಸ್ ಬೇರೆ, ತಿರುಚಾಟ ಬೇರೆ. ಬ್ಯಾಲೆನ್ಸ್ ತಪ್ಪಿದರೆ ಇಡೀ ಎಂಜಿನ್ ಅಲುಗುತ್ತದೆ, ಸ್ಟೀರಿಂಗಿನಲ್ಲಿ ಗೊತ್ತಾಗುತ್ತದೆ. ಶಾಫ್ಟ್ ಒಳಗೊಳಗೇ ತಿರುಚಿದರೆ ಸೀಟಿನಲ್ಲಿ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ನಿಮ್ಮ ಸ್ನೇಹಿತರು "ಹಾಕಿಸಿ ಆರು ತಿಂಗಳಾಯಿತು, ಗಾಡಿ ಸ್ಮೂತ್ ಉಂಟು" ಅಂದರೆ ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಮಾತಿನಿಂದ ಒಳಗಿನ ಸುದ್ದಿ ತಿಳಿಯುವುದಿಲ್ಲ.

ಇನ್ನೊಂದು ಮಾತು, "ರಬ್ಬರ್ ಇರುವುದು ಶಬ್ದ ಕಡಿಮೆ ಮಾಡಲು ಮಾತ್ರ." ಕೆಲವು ಸಣ್ಣ ಎಂಜಿನ್ನುಗಳಲ್ಲಿ ಇದರಲ್ಲಿ ಸತ್ಯ ಉಂಟು. ಕೆಲವು ಗಾಡಿಗಳಿಗೆ ಕಂಪನಿಯೇ ರಬ್ಬರ್ ಇಲ್ಲದ ಗಟ್ಟಿ ಪುಲ್ಲಿ ಕೊಟ್ಟಿರುತ್ತದೆ. ಅಂಥ ಗಾಡಿಗೆ ಅದೇ ಅಳತೆಯ ಹಗುರ ಪುಲ್ಲಿ ಹಾಕಿದರೆ ನಾನು ಹೆದರಿಸುವುದಿಲ್ಲ. ಆದರೆ ಒಂದೊಂದು ರೂಪಾಯಿಗೂ ಲೆಕ್ಕ ಹಾಕುವ ಕಂಪನಿಯವರು, ಕಡಿಮೆ ಖರ್ಚಿನ ಗಟ್ಟಿ ಪುಲ್ಲಿ ಸಾಕಾಗಿದ್ದರೆ ಜಾಸ್ತಿ ಖರ್ಚಿನ ರಬ್ಬರ್ ಪುಲ್ಲಿ ಯಾಕೆ ಕೊಡುತ್ತಿದ್ದರು? ಕೊಟ್ಟಿದ್ದಾರೆ ಅಂದರೆ ಅಲ್ಲಿ ಅದು ಬೇಕು.

ನಾನು ಕಣ್ಣಾರೆ ಕಂಡ ಒಂದು ಗಾಡಿಯ ಕಥೆ ಹೇಳುತ್ತೇನೆ. ಮುಳ್ಳೇರಿಯ ಕಡೆಯ ಹುಡುಗ, ಎಂಜಿನ್ ಅಂದರೆ ಜೀವ. ಹಗುರ ಕ್ರ್ಯಾಂಕ್ ಪುಲ್ಲಿ ಹಾಕಿಸಿ ಒಂದೂವರೆ ವರ್ಷ ಓಡಿಸಿದ್ದ. ಒಂದು ಸಂಜೆ ಚೆರ್ಕಳದ ಹತ್ತಿರ ಆಯಿಲ್ ಲೈಟ್ ಹತ್ತಿತು. ಸೆನ್ಸರ್ ಹಾಳಾಗಿರಬೇಕು ಅಂದುಕೊಂಡು ಎರಡು ಕಿ.ಮೀ. ಓಡಿಸಿದ. ಎಂಜಿನ್ ಬಿಚ್ಚುವಾಗ ನಾನು ಪಕ್ಕದಲ್ಲಿದ್ದೆ. ಆಯಿಲ್ ಪಂಪಿನ ಒಳಗಿನ ಗೇರ್ ಮೂರು ತುಂಡು. ಆ ಎಂಜಿನ್ನಿನಲ್ಲಿ ಆಯಿಲ್ ಪಂಪ್ ಶಾಫ್ಟಿನ ಮುಂದಿನ ತುದಿಯಲ್ಲೇ ಕೂತಿರುತ್ತದೆ. ಶಾಫ್ಟ್ ತಿರುಚಾಡಿದಾಗ ಮೊದಲ ಪೆಟ್ಟು ಅದಕ್ಕೇ. ಪುಡಿ ಲೋಹವನ್ನು ಒತ್ತಿ ಮಾಡಿದ ಗೇರ್ ಅದು, ಸುತ್ತಿಗೆಯ ಪೆಟ್ಟಿನಂಥ ಹೊಡೆತ ತಡೆಯುವುದಿಲ್ಲ. ಎಣ್ಣೆ ಇಲ್ಲದೆ ಎರಡು ಕಿ.ಮೀ. ಓಡಿದ್ದಕ್ಕೆ ಬೇರಿಂಗ್ ಎಲ್ಲಾ ಸವೆದು, ಶಾಫ್ಟಿಗೆ ಗೀರು ಬಿದ್ದಿತ್ತು. ಆ ಹುಡುಗನ ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಒಂದು ಗಾಡಿಯಿಂದ ನಿಯಮ ಮಾಡಬಾರದು, ಸರಿ. ಆದರೆ ಡ್ಯಾಂಪರ್ ತೆಗೆದ ಎಂಜಿನ್ನುಗಳಲ್ಲಿ ಮುರಿಯುವ ಜಾಗ ಇದೇ: ಆಯಿಲ್ ಪಂಪಿನ ಗೇರ್, ಟೈಮಿಂಗ್ ಚೈನ್, ಫ್ಲೈವೀಲ್ ಬೋಲ್ಟ್, ಕೊನೆಗೆ ಶಾಫ್ಟ್.

ಈಗ ಲಾಭದ ಕಡೆ ಬರೋಣ. ಲೆಕ್ಕ ಹಾಕಿಯೇ ನೋಡೋಣ, ಬಾಯಿ ಮಾತು ಬೇಡ.

ಕಂಪನಿ ಪುಲ್ಲಿ 2 ಕೆ.ಜಿ. ಅಂದುಕೊಳ್ಳಿ, ಹಗುರ ಪುಲ್ಲಿ 700 ಗ್ರಾಂ. ಅಡ್ಡ ಅಳತೆ ಎರಡಕ್ಕೂ 14 ಸೆ.ಮೀ. ತಿರುಗುವ ವಸ್ತುವಿನ ಭಾರ ಬರೀ ತಕ್ಕಡಿಯ ಭಾರ ಅಲ್ಲ. ನಡುವಿನಿಂದ ಎಷ್ಟು ದೂರದಲ್ಲಿದೆ, ಎಷ್ಟು ಬೇಗ ತಿರುಗುತ್ತದೆ ಎನ್ನುವುದೂ ಸೇರುತ್ತದೆ. ಮೊದಲ ಗೇರಿನಲ್ಲಿ ನಿಮ್ಮಂಥ ಗಾಡಿಯ ಚಕ್ರ ಒಂದು ಸುತ್ತು ಬರಲು ಎಂಜಿನ್ ಸುಮಾರು 14 ಸುತ್ತು ತಿರುಗುತ್ತದೆ. ಈ ಲೆಕ್ಕದಲ್ಲಿ, ಮೊದಲ ಗೇರಿನಲ್ಲಿ ಪುಲ್ಲಿಯಿಂದ ಉಳಿಯುವುದು ಗಾಡಿಯಿಂದ 8 ಕೆ.ಜಿ. ಇಳಿಸಿದಷ್ಟು. ಕಂಪನಿ ಪುಲ್ಲಿಯ ಭಾರ ಅಂಚಿನಲ್ಲೇ ಜಾಸ್ತಿ, ಆದ್ದರಿಂದ ಉದಾರವಾಗಿ ಇಮ್ಮಡಿ ಮಾಡೋಣ. 16 ಕೆ.ಜಿ. ಇದು ಮೊದಲ ಗೇರಿನಲ್ಲಿ. ಎರಡನೇ ಗೇರಿಗೆ ಬಂದರೆ 5 ಕೆ.ಜಿ.ಯ ಆಸುಪಾಸು. ಮೂರನೆಯದರಲ್ಲಿ ಎರಡು ಕೆ.ಜಿ.ಗೆ ಸ್ವಲ್ಪ ಜಾಸ್ತಿ. ಐದನೇ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ ಮೂರೇ ಸುತ್ತು. ಅಲ್ಲಿ ಉಳಿಯುವುದು ಒಂದು ಕೆ.ಜಿ.ಗೂ ಕಡಿಮೆ.

ಗಾಡಿ, ನೀವು, ಜೊತೆಗೆ ಒಬ್ಬರು, ಎಲ್ಲ ಸೇರಿ ಸಾವಿರದ ನೂರು ಕೆ.ಜಿ. ಇರುವಾಗ ಇದು ಎಷ್ಟರ ಮಾತು? ಡಿಕ್ಕಿಯಲ್ಲಿ ಸುಮ್ನೆ ಬಿದ್ದಿರುವ ಸಾಮಾನು ಇಳಿಸಿದರೆ ಇದಕ್ಕಿಂತ ಜಾಸ್ತಿ ಲಾಭ, ಅದೂ ಎಲ್ಲ ಗೇರಿನಲ್ಲೂ.

ನೀವು ಕುಂಬಳೆ ದಾಟಿ ಹೆದ್ದಾರಿ 66ಕ್ಕೆ ಹತ್ತಿದ ಮೇಲೆ ತಲಪಾಡಿಯವರೆಗೆ ಹೆಚ್ಚಿನ ಹೊತ್ತು ಮೇಲಿನ ಗೇರಿನಲ್ಲಿ, ಒಂದೇ ವೇಗದಲ್ಲಿ ಹೋಗುತ್ತೀರಿ ಅಲ್ವಾ? ವೇಗ ಏರಿಳಿತ ಇಲ್ಲದಿದ್ದರೆ ಪುಲ್ಲಿ ಹಗುರವೋ ಭಾರವೋ, ವ್ಯತ್ಯಾಸ ಸೊನ್ನೆ. ತಿರುಗಲು ಶುರುವಾದ ಚಕ್ರ ತಿರುಗುತ್ತಾ ಇರಲು ತನ್ನ ಭಾರಕ್ಕಾಗಿ ಪೆಟ್ರೋಲ್ ಕೇಳುವುದಿಲ್ಲ. ವೇಗ ಏರಿಸುವಾಗ ಮಾತ್ರ ಕೇಳುತ್ತದೆ. ಅದೂ ಎಷ್ಟು? ಎಂಜಿನ್ 3000ಕ್ಕೆ ಏರಿದಾಗ ಎರಡು ಪುಲ್ಲಿಗಳ ನಡುವಿನ ವ್ಯತ್ಯಾಸ ಸುಮಾರು 300 ಜೌಲ್. ಸಾವಿರ ಕೆ.ಜಿ.ಯ ಗಾಡಿಯನ್ನು ಗಂಟೆಗೆ 60 ಕಿ.ಮೀ. ವೇಗಕ್ಕೆ ತರಲು ಬೇಕಾದದ್ದು 1 ಲಕ್ಷದ 39 ಸಾವಿರ ಜೌಲ್. ಇನ್ನೊಂದು ರೀತಿಯಲ್ಲಿ ಹೇಳಬೇಕಾದರೆ, ಈ ಪುಲ್ಲಿಯಿಂದ ಒಂದು ಲೀಟರ್ ಪೆಟ್ರೋಲ್ ಉಳಿಯಬೇಕಾದರೆ ನೀವು ಸುಮಾರು 25 ಸಾವಿರ ಸಲ ಎಂಜಿನ್ನನ್ನು 3000ಕ್ಕೆ ಏರಿಸಬೇಕು. ಮೈಲೇಜ್ ಏರುತ್ತದೆ ಎಂಬ ಮಾತಿಗೆ ಇಷ್ಟು ಸಾಕು.

ಹಾಗಾದರೆ 5 ಎಚ್‌ಪಿ ಎಲ್ಲಿಂದ ಬಂತು? ಪವರ್ ಅಳೆಯುವ ರೋಲರ್ ಮೆಷಿನ್ನುಗಳಲ್ಲಿ ಒಂದು ಬಗೆ ಉಂಟು. ಗಾಡಿಯ ಚಕ್ರ ಭಾರದ ರೋಲರನ್ನು ಎಷ್ಟು ಬೇಗ ಸುತ್ತಿಸಿತು ಎಂದು ನೋಡಿ ಪವರ್ ಲೆಕ್ಕ ಹಾಕುತ್ತದೆ. ತಿರುಗುವ ಭಾಗ ಹಗುರ ಆದರೆ ರೋಲರ್ ತುಸು ಬೇಗ ಏರುತ್ತದೆ, ಮೆಷಿನ್ ಅದನ್ನೇ ಪವರ್ ಅಂತ ತೋರಿಸುತ್ತದೆ. ಎಂಜಿನ್ ಒಂದು ಹನಿ ಜಾಸ್ತಿ ಶಕ್ತಿ ಮಾಡಿರುವುದಿಲ್ಲ. ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಚುರುಕಾಗಿ ಏರುವುದೂ ಇದೇ ಕಾರಣಕ್ಕೆ. ಆ ಶಬ್ದ ಕಿವಿಗೆ ಹಿತ, ನನಗೂ ಹಿತವೇ. ಆದರೆ ನೀವು ದಿನಾ ಓಡಿಸುವುದು ಗೇರಿನಲ್ಲಿ.

ನಿಮ್ಮ ಸೆಟ್ಟಿನಲ್ಲಿ ಕ್ರ್ಯಾಂಕ್ ಪುಲ್ಲಿ ಸಣ್ಣದು ಎಂದಿರಿ. ಇದು ಭಾರದ ಮಾತಲ್ಲ, ಇನ್ನೊಂದು ಸಂಗತಿ. ಕ್ರ್ಯಾಂಕ್ ಪುಲ್ಲಿ ಸಣ್ಣದಾದರೆ ಬೆಲ್ಟ್ ನಿಧಾನ ಓಡುತ್ತದೆ. ಆಲ್ಟರ್ನೇಟರ್, ಏಸಿ ಕಂಪ್ರೆಸರ್, ಬೆಲ್ಟಿನಿಂದ ತಿರುಗುವ ವಾಟರ್ ಪಂಪ್, ಎಲ್ಲವೂ ನಿಧಾನ. ಅವು ತಿನ್ನುವ ಶಕ್ತಿ ಸ್ವಲ್ಪ ಉಳಿಯುವುದು ನಿಜ. ಆದರೆ ಉಳಿಯುವುದು ಅವು ಮಾಡುವ ಕೆಲಸ ಕಡಿಮೆ ಆದದ್ದರಿಂದ.

ಜೂನ್ ತಿಂಗಳ ಒಂದು ಸಂಜೆಯನ್ನು ನೆನಪು ಮಾಡಿಕೊಳ್ಳಿ. ನಮ್ಮ ಮಳೆ ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ. ಪಂಪ್‌ವೆಲ್‌ನಿಂದ ತೊಕ್ಕೊಟ್ಟಿನವರೆಗೆ ಗಾಡಿಗಳ ಸಾಲು, ಗಾಡಿ ಇದ್ದಲ್ಲೇ ನಿಂತಿದೆ. ಹೆಡ್‌ಲೈಟ್ ಎರಡಕ್ಕೆ 10 ಆಂಪಿಯರ್. ಬ್ಲೋವರ್ ಜೋರಿಗೆ ಇಟ್ಟರೆ 15ರ ಹತ್ತಿರ. ರೇಡಿಯೇಟರ್ ಫ್ಯಾನ್ 10ಕ್ಕೂ ಮೇಲೆ. ವೈಪರ್, ಹಿಂದಿನ ಗಾಜಿನ ಡಿಫಾಗರ್, ಪೆಟ್ರೋಲ್ ಪಂಪ್, ಇಗ್ನಿಷನ್, ಎಲ್ಲ ಕೂಡಿಸಿದರೆ 50 ದಾಟುತ್ತದೆ. ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಾಗ, ಎಂಜಿನ್ ನಿಮಿಷಕ್ಕೆ 750 ಸುತ್ತು, ಆಲ್ಟರ್ನೇಟರ್ ಅದರ ಎರಡೂವರೆ ಪಟ್ಟು, ಅಂದರೆ 1900ರ ಹತ್ತಿರ. ಕ್ರ್ಯಾಂಕ್ ಪುಲ್ಲಿ ಶೇಕಡಾ 20 ಸಣ್ಣದಾದರೆ ಅದು 1500ಕ್ಕೆ ಇಳಿಯುತ್ತದೆ. ಆಲ್ಟರ್ನೇಟರ್ ಈ ವೇಗದಲ್ಲಿ ಆಗಷ್ಟೇ ಎಚ್ಚರ ಆಗುತ್ತಿರುತ್ತದೆ. ಅಲ್ಲಿ 400 ಸುತ್ತು ಕಡಿಮೆ ಆದರೆ ಕರೆಂಟ್ ತುಂಬಾ ಬೀಳುತ್ತದೆ. ಉಳಿದದ್ದನ್ನು ಬ್ಯಾಟರಿ ಕೊಡಬೇಕು. ದಿನಾ ಹೀಗೆ ಆದರೆ ಬ್ಯಾಟರಿ ಬೇಗ ಸಾಯುತ್ತದೆ. ಏಸಿಯೂ ನಿಂತಲ್ಲಿ ತಣ್ಣಗಾಗುವುದಿಲ್ಲ. ವಾಟರ್ ಪಂಪ್ ಟೈಮಿಂಗ್ ಬೆಲ್ಟಿನಿಂದ ತಿರುಗುವ ಗಾಡಿಯಾದರೆ ತಂಪಿಗೆ ತೊಂದರೆ ಇಲ್ಲ. ಇಲ್ಲದಿದ್ದರೆ ಏಪ್ರಿಲ್ ಸೆಕೆಯಲ್ಲಿ ಬಿಸಿಯ ಮುಳ್ಳು ಏರುವುದನ್ನೂ ನೋಡಬೇಕಾದೀತು.

ರೇಸಿನ ಗಾಡಿಯಲ್ಲಿ ಇದೆಲ್ಲ ನಡೆಯುತ್ತದೆ. ಅಲ್ಲಿ ಎಂಜಿನ್ ಸದಾ ಮೇಲಿನ ಸುತ್ತಿನಲ್ಲೇ ಇರುತ್ತದೆ, ಏಸಿ ಇಲ್ಲ, ಎಂಜಿನ್ನನ್ನು ಆಗಾಗ ಬಿಚ್ಚಿ ಶಾಫ್ಟಿಗೆ ಬಿರುಕು ಬಿಟ್ಟಿದೆಯಾ ನೋಡುತ್ತಾರೆ. ಅಲ್ಲೂ ಒಳ್ಳೆಯ ಎಂಜಿನ್ ಕಟ್ಟುವವರು ಡ್ಯಾಂಪರ್ ಬಿಡುವುದಿಲ್ಲ. ಅವರು ಇನ್ನೂ ಗಟ್ಟಿಯಾದ ರೇಸ್ ಡ್ಯಾಂಪರ್ ಹಾಕುತ್ತಾರೆ.

ಬೇರೆ ಗಾಡಿ ಇರುವ ಓದುಗರಿಗಾಗಿ ಎರಡು ಮಾತು ಸೇರಿಸುತ್ತೇನೆ. ಡೀಸೆಲ್ ಎಂಜಿನ್ನಿನಲ್ಲಿ ಉರಿಯುವ ಪೆಟ್ಟು ಇನ್ನೂ ಜೋರು. ಅಲ್ಲಿ ಡ್ಯಾಂಪರ್ ತೆಗೆಯುವ ಯೋಚನೆಯೇ ಬೇಡ. ಹಲವು ಡೀಸೆಲ್‌ಗಳ ಆಲ್ಟರ್ನೇಟರ್ ಪುಲ್ಲಿಯ ಒಳಗೆ ಒಂದೇ ಕಡೆ ಹಿಡಿಯುವ ಕ್ಲಚ್ ಇರುತ್ತದೆ, ಸೈಕಲಿನ ಫ್ರೀವೀಲ್ ಹಾಗೆ. ಅದನ್ನು ತೆಗೆದು ಗಟ್ಟಿ ಪುಲ್ಲಿ ಹಾಕಿದರೆ ಬೆಲ್ಟ್ ಪಟಪಟ ಹೊಡೆಯುತ್ತದೆ, ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಸಾಯುತ್ತದೆ. ಇನ್ನು ಮೂರು ಸಿಲಿಂಡರ್. ಫೋರ್ಡಿನ 1.0 ಲೀಟರ್ ಇಕೋಬೂಸ್ಟ್ ಎಂಜಿನ್ನಿನಲ್ಲಿ ಮುಂದಿನ ಪುಲ್ಲಿಯನ್ನೂ ಫ್ಲೈವೀಲನ್ನೂ ಬೇಕೆಂದೇ ಒಂದು ಕಡೆ ಭಾರ ಮಾಡಿದ್ದಾರೆ. ಮೂರು ಸಿಲಿಂಡರಿನ ಅಲುಗಾಟವನ್ನು ಆ ಓರೆ ಭಾರವೇ ತಡೆಯುತ್ತದೆ. ಅಲ್ಲಿ ಚೆನ್ನಾಗಿ ಬ್ಯಾಲೆನ್ಸ್ ಮಾಡಿದ ಹೊಳೆಯುವ ಪುಲ್ಲಿ ಹಾಕಿದರೆ ಗಾಡಿ ನಡುಗತೊಡಗುತ್ತದೆ! ಕೆಲವು ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಸೆನ್ಸರ್ ಓದುವ ಹಲ್ಲುಗಳೂ ಪುಲ್ಲಿಯ ಮೇಲೆಯೇ ಇರುತ್ತವೆ. ಹಲ್ಲು ಕೂದಲೆಳೆಯಷ್ಟು ಆಚೀಚೆ ಆದರೂ ಇಗ್ನಿಷನ್ ಹೊತ್ತು ತಪ್ಪುತ್ತದೆ.

ನಮ್ಮ ಕರಾವಳಿಗೇ ಸೇರಿದ ಒಂದು ತೊಂದರೆಯೂ ಉಂಟು. ಇಲ್ಲಿನ ಗಾಳಿಯಲ್ಲಿ ಉಪ್ಪು. ಅಲ್ಯೂಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ಅಂಟಿ ಕೂತು, ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ತಿನ್ನಿಸಿಕೊಂಡು ಬಿಳಿ ಪುಡಿ ಬಿಡುತ್ತದೆ. ಎರಡು ಮಳೆಗಾಲ ಕಳೆದರೆ ಪುಲ್ಲಿ ಶಾಫ್ಟಿನ ತುದಿಯಿಂದ ಬರುವುದೇ ಇಲ್ಲ. ಇನ್ನು ಮುರಕಲ್ಲಿನ ಕೆಂಪು ಧೂಳು. ಅದು ಬೆಲ್ಟಿಗೆ ಅಂಟಿ ಮರಳು ಕಾಗದದ ಹಾಗೆ ಉಜ್ಜುತ್ತದೆ. ಮೇಲಿನ ಗಟ್ಟಿ ಲೇಪನ ಸವೆದ ಮೇಲೆ ಅಲ್ಯೂಮಿನಿಯಂ ಪುಲ್ಲಿಯ ಗೆರೆಗಳು ಬೇಗ ಹೋಗುತ್ತವೆ. ಆಮೇಲೆ ಮಳೆ ಬಂದಾಗಲೆಲ್ಲ ಬೆಲ್ಟ್ ಕೀರಲು ದನಿ.

ಕಾನೂನು ಕೇಳುವವರಿಗೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವಂಥ ಮಾರ್ಪಾಡು ಮಾಡುವಂತಿಲ್ಲ. ಪುಲ್ಲಿ ಆರ್‌ಸಿಯಲ್ಲಿ ಇರುವುದಿಲ್ಲ. ಆದರೆ ವಾರಂಟಿ ಇರುವ ಗಾಡಿಗೆ ಹಾಕಿದರೆ ಆ ಎಂಜಿನ್ನಿನ ವಾರಂಟಿಗೆ ತಕರಾರು ಖಂಡಿತ.

ಈಗ ನಿಮ್ಮ ನಿಜವಾದ ತೊಂದರೆ. ಏಸಿ ಹಾಕಿದರೆ ಚಡಾವಿನಲ್ಲಿ ಎಳೆಯುವುದಿಲ್ಲ ಎಂದಿರಿ. ಮೊದಲಿಂದ ಹೀಗಿರಲಿಲ್ಲ, ಈಗ ಹೀಗಾಗಿದೆ. ಅಂದರೆ ಏನೋ ಹಾಳಾಗಿದೆ. ಪುಲ್ಲಿಯ ಭಾರ ಹತ್ತು ವರ್ಷದಲ್ಲಿ ಏರಿಲ್ಲವಲ್ಲ?

1.2 ಲೀಟರ್ ಎಂಜಿನ್ 2000 ಸುತ್ತಿನಲ್ಲಿ ಪೂರ್ತಿ ಒತ್ತಿದರೆ ಸುಮಾರು 20 ಕಿಲೋವ್ಯಾಟ್ ಕೊಡುತ್ತದೆ. ಏಸಿ ಕಂಪ್ರೆಸರ್ ಅದರಲ್ಲಿ ಎರಡು ಮೂರು ಕಿಲೋವ್ಯಾಟ್ ತಿನ್ನುತ್ತದೆ. ಹತ್ತರಲ್ಲಿ ಒಂದು ಪಾಲು ಅಲ್ಲೇ ಹೋಯಿತು. ರೇಡಿಯೇಟರಿನ ಮುಂದಿರುವ, ಏಸಿಯ ಬಿಸಿ ಹೊರಹಾಕುವ ಕಂಡೆನ್ಸರ್‌ಗೆ ಕೆಂಪು ಧೂಳು ತುಂಬಿದ್ದರೆ ಗ್ಯಾಸಿನ ಒತ್ತಡ ಏರಿ ಕಂಪ್ರೆಸರ್ ಇನ್ನೂ ಜಾಸ್ತಿ ತಿನ್ನುತ್ತದೆ. ಹೆದ್ದಾರಿ ಕೆಲಸದ ಧೂಳಿನಲ್ಲಿ ವರ್ಷಗಟ್ಟಲೆ ಓಡಿಸಿದ ಗಾಡಿ ನಿಮ್ಮದು. ಟಾರ್ಚ್ ಹಿಡಿದು ಗ್ರಿಲ್ಲಿನ ಒಳಗೆ ನೋಡಿ. ಮಣ್ಣಿನ ಪದರ ಕಂಡರೆ ಸಣ್ಣ ಒತ್ತಡದ ನೀರಿನಲ್ಲಿ ತೊಳೆಸಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಅದರ ತೆಳು ಎಸಳುಗಳು ಮಡಚಿಹೋಗುತ್ತವೆ.

ಆಮೇಲೆ ಕ್ಲಚ್. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 50ಕ್ಕೆ ಹೋಗಿ ಪೂರ್ತಿ ಒತ್ತಿ. ಎಂಜಿನ್ ಸುತ್ತು ಸರ್ರನೆ ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. 1 ಲಕ್ಷದ 30 ಸಾವಿರಕ್ಕೆ ಅದು ಆಶ್ಚರ್ಯ ಅಲ್ಲ. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಯಾವಾಗ ಬದಲಿಸಿದ್ದು ನೋಡಿ. ಫಿಲ್ಟರ್ ಕಟ್ಟಿದರೆ ಚಡಾವಿನಲ್ಲೇ ಮೊದಲು ಗೊತ್ತಾಗುತ್ತದೆ. ನಾಲ್ಕೂ ಚಕ್ರ ಜ್ಯಾಕಿನಲ್ಲಿ ಎತ್ತಿ ಕೈಯಲ್ಲಿ ತಿರುಗಿಸಿ. ಬ್ರೇಕ್ ಕ್ಯಾಲಿಪರಿನ ಪಿನ್ನುಗಳು ಉಪ್ಪುಗಾಳಿಗೆ ತುಕ್ಕು ಹಿಡಿದು ಬ್ರೇಕ್ ಬಿಡದೆ ಇರುವುದು ನಮ್ಮ ಕಡೆ ತುಂಬಾ ಸಾಮಾನ್ಯ. ಅಂಥ ಗಾಡಿ ಎಷ್ಟು ಒತ್ತಿದರೂ ಎಳೆಯುವುದಿಲ್ಲ.

ಈಗ ಆ ರಬ್ಬರ್ ಪುಲ್ಲಿ. ನಿಮ್ಮ ಪುಲ್ಲಿಗೂ ಹತ್ತು ವರ್ಷ ದಾಟಿತು. ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಶಾಫ್ಟಿನ ಮುಂದಿನ ಆಯಿಲ್ ಸೀಲ್ ಸೋರುತ್ತಿದ್ದರೆ ಎಣ್ಣೆ ತಾಗಿ ಉಬ್ಬುತ್ತದೆ. ಆಗ ಹೊರಗಿನ ಬಳೆ ಹಬ್ಬಿನ ಮೇಲೆ ಜಾರತೊಡಗುತ್ತದೆ. ಎಂಜಿನ್ ಆಫ್ ಮಾಡಿ, ಕೀ ತೆಗೆದು, ಪುಲ್ಲಿ ಇರುವ ಬದಿಯ ಮುಂದಿನ ಚಕ್ರ ಬಿಚ್ಚಿಸಿ. ಗಾಡಿ ಬರೀ ಜ್ಯಾಕಿನ ಮೇಲೆ ಇರಬಾರದು, ಕೆಳಗೆ ಸ್ಟ್ಯಾಂಡ್ ಇರಲೇಬೇಕು. ಪುಲ್ಲಿಯ ಮುಖಕ್ಕೆ ಹಬ್ಬಿನಿಂದ ರಬ್ಬರ್ ದಾಟಿ ಹೊರಗಿನ ಬಳೆಯವರೆಗೆ ಬಿಳಿ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಎರಡು ವಾರ ಎಂದಿನಂತೆ ಓಡಿಸಿ ಮತ್ತೆ ನೋಡಿ. ಗೆರೆ ರಬ್ಬರಿನ ಜಾಗದಲ್ಲಿ ತುಂಡಾಗಿ ಆಚೀಚೆ ಆಗಿದ್ದರೆ ಬಳೆ ಜಾರಿದೆ. ಆ ಪುಲ್ಲಿ ಮುಗಿಯಿತು.

ಬದಲಿಸಬೇಕಾದರೆ ಕಂಪನಿ ಪುಲ್ಲಿಯನ್ನೇ ಹಾಕಿಸಿ. ಜೊತೆಗೆ ಬೆಲ್ಟ್, ಸೀಲ್, ಟೆನ್ಷನರ್ ಇದ್ದರೆ ಅದೂ. ಮೆಕ್ಯಾನಿಕ್‌ಗೆ ಒಂದು ವಿಷಯ ಮೊದಲೇ ಕೇಳಿ. ಕೆಲವು ಎಂಜಿನ್ನುಗಳಲ್ಲಿ ಶಾಫ್ಟಿನ ತುದಿಯಲ್ಲಿ ಕೀ, ಅಂದರೆ ಗೇರ್ ಜಾರದಂತೆ ಹಿಡಿಯುವ ಸಣ್ಣ ಲೋಹದ ತುಂಡು, ಇರುವುದಿಲ್ಲ. ಆ ಒಂದು ಬೋಲ್ಟಿನ ಬಿಗಿಯೇ ಟೈಮಿಂಗ್ ಗೇರನ್ನೂ ಹಿಡಿದಿರುತ್ತದೆ. ಶಾಫ್ಟನ್ನೂ ವಾಲ್ವ್ ತೆರೆಯುವ ಕ್ಯಾಮನ್ನೂ ಲಾಕ್ ಮಾಡದೆ ಬೋಲ್ಟ್ ಸಡಿಲಿಸಿದರೆ ಟೈಮಿಂಗ್ ಜಾರಿ ವಾಲ್ವ್ ಬಾಗುತ್ತದೆ. ಹಲವು ಬೋಲ್ಟುಗಳು ಒಂದೇ ಸಲಕ್ಕೆ, ಬಿಚ್ಚಿದ ಮೇಲೆ ಹೊಸದೇ ಬೇಕು. ಬಿಗಿಯುವಾಗ ಇಂಪ್ಯಾಕ್ಟ್ ಗನ್ ಬೇಡ, ಟಾರ್ಕ್ ರೆಂಚ್ ಬೇಕು.

ಒಂದು ಮಲ್ಟಿಮೀಟರ್ ತೆಗೆದುಕೊಂಡು ಬ್ಯಾಟರಿಯ ವೋಲ್ಟೇಜನ್ನೂ ನೋಡಿಡಿ. ಐಡ್ಲಿಂಗಿನಲ್ಲಿ, ಏಸಿ, ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲ ಹಾಕಿ. ಈಗಿನ ಪುಲ್ಲಿಯಲ್ಲೇ 13ಕ್ಕಿಂತ ಕೆಳಗೆ ಬಂದರೆ ಆಲ್ಟರ್ನೇಟರ್ ಅಥವಾ ಬೆಲ್ಟ್ ಈಗಾಗಲೇ ಸೋತಿದೆ. ಗೆರೆ ಹೇಗಿದೆ, ವೋಲ್ಟ್ ಎಷ್ಟು, ಕ್ಲಚ್ ಪರೀಕ್ಷೆಯಲ್ಲಿ ಏನಾಯಿತು, ಈ ಮೂರನ್ನು ಬರೆದು ಕಳಿಸಿ. ಮೊದಲು ಯಾವುದಕ್ಕೆ ಹಣ ಹಾಕಬೇಕು ಅಂತ ಆಗ ಹೇಳುತ್ತೇನೆ. ಮಳೆ ಹಿಡಿಯುವ ಮೊದಲು ಕಳಿಸಿ.